ಕೈಗಡಿಯಾರದ ಬೆನ್ನಿನ ಮೇಲಿನ ‘ಮೀಟರ್’ ಲೆಕ್ಕ



ಮದುವೆ ನಿಶ್ಚಯವಾದ ಮೇಲೆ ಅಳಿಯನಿಗೆಂದು ಒಂದು ಒಳ್ಳೆಯ ಕೈಗಡಿಯಾರ ಕೊಳ್ಳುವುದು, ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಸೊಸೆಗೆ ಸೋದರಮಾವನು ಗಡಿಯಾರ ಕಟ್ಟುವುದು, ನಿವೃತ್ತರಾಗುವ ಗುರುಗಳಿಗೆ ಶಿಷ್ಯರೆಲ್ಲ ಸೇರಿ ಗಡಿಯಾರ ಅರ್ಪಿಸುವುದು - ಇವು ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿರುವ ರೂಢಿಗಳು. ಹೊತ್ತು ನೋಡಲು ಈಗ ಮೊಬೈಲ್ ಫೋನೇ ಸಾಕು. ಆದರೂ ಗಡಿಯಾರವನ್ನು ಕೊಡುವವರಿದ್ದಾರೆ, ಅಭಿಮಾನದಿಂದ ಧರಿಸುವವರಿದ್ದಾರೆ. ಇಂಥ ಉಡುಗೊರೆಯ ಗಡಿಯಾರ ವರ್ಷ ತುಂಬುವುದರೊಳಗೆ ಗಾಜಿನ ಒಳಗೆ ಮಂಜು ಕವಿದು ನಿಂತುಬಿಟ್ಟರೆ ಆಗುವ ನಷ್ಟ ಬರಿಯ ಹಣದ್ದಲ್ಲ. ಕೊಟ್ಟವರಿಗೆ ಅಗ್ಗದ ಮಾಲು ಕೊಟ್ಟರೆಂಬ ಅಪವಾದ. ಕಟ್ಟಿಕೊಂಡವರಿಗೆ ಜೋಪಾನ ಮಾಡಲಿಲ್ಲವೆಂಬ ಅಪವಾದ. ಅಂಗಡಿಯವರಿಗೆ ಮೋಸ ಮಾಡಿದರೆಂಬ ಅಪವಾದ. ಎಷ್ಟೋ ಸಲ ಈ ಮೂವರಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಗಡಿಯಾರದ ಬೆನ್ನಿನ ಮೇಲೆ ಕೊರೆದಿರುವ ಒಂದು ಸಣ್ಣ ಸಾಲನ್ನು ಮೂವರೂ ಬೇರೆ ಬೇರೆಯಾಗಿ ಓದಿಕೊಂಡಿರುತ್ತಾರೆ, ಅಷ್ಟೆ. ‘ವಾಟರ್ ರೆಸಿಸ್ಟೆಂಟ್ 30 ಮೀ.’, ‘ವಾಟರ್ ರೆಸಿಸ್ಟೆಂಟ್ 50 ಮೀ.’, ‘10 ಬಾರ್’ ಎಂಬ ಆ ಸಾಲಿನ ನಿಜವಾದ ಅರ್ಥವೇನೆಂಬುದನ್ನು ಈ ತಿಂಗಳು ವಿಚಾರಿಸೋಣ.

ಐವತ್ತು ಮೀಟರ್ ಎಂದರೆ ಎಷ್ಟು?

ಹೊಸಪೇಟೆಯವರಿಗೆ ಐವತ್ತು ಮೀಟರನ್ನು ವಿವರಿಸಬೇಕಾದ ಅಗತ್ಯವಿಲ್ಲ. ಊರ ಪಕ್ಕದಲ್ಲೇ ನಿಂತಿರುವ ತುಂಗಭದ್ರಾ ಅಣೆಕಟ್ಟಿನ ಎತ್ತರ ತಳಪಾಯದಿಂದ ಸುಮಾರು 49 ಮೀಟರ್. ಹಾಗಾದರೆ ‘50 ಮೀ.’ ಎಂದು ಬರೆದಿರುವ ಗಡಿಯಾರವನ್ನು ಕಟ್ಟಿಕೊಂಡು ತುಂಬಿದ ಜಲಾಶಯದ ತಳವನ್ನು ಮುಟ್ಟಿ ಬರಬಹುದೆಂದು ಅರ್ಥವೇ? ಖಂಡಿತ ಅಲ್ಲ. ಆ ಅಂಕೆ ಆಳವನ್ನು ಹೇಳುವಂತೆ ಕಂಡರೂ ಅದು ಹೇಳುವುದು ಒತ್ತಡವನ್ನು.

ನೀರಿನಲ್ಲಿ ಕೆಳಕ್ಕೆ ಇಳಿದಂತೆಲ್ಲ ಮೇಲಿನ ನೀರಿನ ಭಾರ ನಮ್ಮ ಮೇಲೆ ಬೀಳುತ್ತದೆ. ಸುಮಾರು ಹತ್ತು ಮೀಟರ್ ಇಳಿದಾಗ ನಮ್ಮ ಸುತ್ತಲಿನ ವಾಯುಮಂಡಲ ಸದಾ ಹೇರುತ್ತಿರುವಷ್ಟೇ ಒತ್ತಡ ಇನ್ನೊಂದು ಪಾಲು ಸೇರುತ್ತದೆ. ಇದನ್ನೇ ಸ್ಥೂಲವಾಗಿ ಒಂದು ‘ಬಾರ್’ ಅಥವಾ ಒಂದು ‘ಎ.ಟಿ.ಎಂ.’ ಎನ್ನುತ್ತಾರೆ. ಆದುದರಿಂದ 3 ಬಾರ್, 3 ಎ.ಟಿ.ಎಂ., 30 ಮೀಟರ್ - ಮೂರೂ ಒಂದೇ ಮಾತಿನ ಮೂರು ರೂಪಗಳು. ಈ ಒತ್ತಡ ನೀರು ಎಷ್ಟು ವಿಸ್ತಾರವಾಗಿ ಹರಡಿದೆ ಎಂಬುದನ್ನು ಅವಲಂಬಿಸಿಲ್ಲ. ಎಷ್ಟು ಆಳವಿದೆ ಎಂಬುದನ್ನು ಮಾತ್ರ ಅವಲಂಬಿಸಿದೆ. ನೂರಾರು ಚದರ ಕಿಲೋಮೀಟರ್ ಹರಡಿಕೊಂಡ ಜಲಾಶಯದ ಒಂದು ಮೀಟರ್ ಆಳದಲ್ಲಿ ಎಷ್ಟು ಒತ್ತಡವೋ, ಹಿತ್ತಿಲಿನ ತೊಟ್ಟಿಯ ಒಂದು ಮೀಟರ್ ಆಳದಲ್ಲಿಯೂ ಅಷ್ಟೇ ಒತ್ತಡ.

ಹಾಗಿದ್ದ ಮೇಲೆ ಮೊಣಕಾಲುದ್ದದ ನೀರಿನಲ್ಲಿ 30 ಮೀಟರಿನ ಗಡಿಯಾರ ಕೆಡುವುದಾದರೂ ಹೇಗೆ? ಇದೇ ನಮ್ಮ ಮುಖ್ಯ ಪ್ರಶ್ನೆ. ಉತ್ತರ ಬೇಕಾದರೆ ಆ ಅಂಕೆ ಹುಟ್ಟುವ ಪರೀಕ್ಷಾಲಯಕ್ಕೆ ಹೋಗಬೇಕು.

ಪರೀಕ್ಷೆಯ ಬಗೆ

ಸಾಮಾನ್ಯ ಗಡಿಯಾರಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1990ರಲ್ಲಿ ಐ.ಎಸ್.ಓ. 2281 ಎಂಬ ಮಾನಕವನ್ನು ಪ್ರಕಟಿಸಿತು. 2010ರಲ್ಲಿ ಅದರ ಸ್ಥಾನಕ್ಕೆ ಐ.ಎಸ್.ಓ. 22810 ಬಂದಿತು. ಇದರಂತೆ ಗಡಿಯಾರವನ್ನು 10 ಸೆಂಟಿಮೀಟರ್ ನೀರಿನಲ್ಲಿ ಒಂದು ಗಂಟೆ ಇರಿಸುತ್ತಾರೆ. ಕೀ ಗುಂಡಿಯ ಮೇಲೆ ಅಡ್ಡಲಾಗಿ ಬಲ ಹಾಕಿ ಹತ್ತು ನಿಮಿಷ ನೋಡುತ್ತಾರೆ. 40 ಡಿಗ್ರಿಯ ನೀರಿನಿಂದ 20 ಡಿಗ್ರಿಯ ನೀರಿಗೆ, ಅಲ್ಲಿಂದ ಮತ್ತೆ 40ಕ್ಕೆ ಐದೈದು ನಿಮಿಷ ಬದಲಿಸುತ್ತಾರೆ. ಕೊನೆಗೆ ಬೆನ್ನಿನ ಮೇಲೆ ಬರೆದಿರುವಷ್ಟು ಒತ್ತಡಕ್ಕೆ ಏರಿಸಿ ಹತ್ತು ನಿಮಿಷ ಬಿಡುತ್ತಾರೆ.

ನೀರು ಒಳಗೆ ಹೋಗಿದೆಯೇ ಎಂದು ತಿಳಿಯುವ ಉಪಾಯ ಸ್ವಾರಸ್ಯವಾಗಿದೆ. ಗಡಿಯಾರವನ್ನು 40ರಿಂದ 45 ಡಿಗ್ರಿಯಷ್ಟು ಬೆಚ್ಚಗಿನ ತಟ್ಟೆಯ ಮೇಲಿಟ್ಟು ಕಾಯಿಸಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಹಾಕಿ, ಒಂದು ನಿಮಿಷದ ನಂತರ ಒರೆಸಿ ನೋಡುತ್ತಾರೆ. ಒಳಗೆ ತೇವ ಸೇರಿದ್ದರೆ ಆ ಹನಿಯಿದ್ದ ಜಾಗದಲ್ಲಿ ಗಾಜಿನ ಒಳಮೈ ಮಂಜಾಗುತ್ತದೆ. ಮಂಜು ಕಂಡರೆ ಆ ಗಡಿಯಾರ ಅನುತ್ತೀರ್ಣ.

ಈ ಪರೀಕ್ಷೆಯಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಪರೀಕ್ಷೆಗೆ ಒಳಪಟ್ಟದ್ದು ಹೊಚ್ಚಹೊಸ ಗಡಿಯಾರ. ಅದನ್ನಿಟ್ಟದ್ದು ಸಾಬೂನು, ಎಣ್ಣೆ, ಬೆವರು ಯಾವುದೂ ಇಲ್ಲದ ನಿಶ್ಚಲವಾದ ನೀರಿನಲ್ಲಿ. ಪೂರ್ಣ ಒತ್ತಡದಲ್ಲಿ ಇಟ್ಟದ್ದು ಹತ್ತೇ ನಿಮಿಷ. ಅಷ್ಟೇ ಅಲ್ಲ, ತಯಾರಾದ ಪ್ರತಿಯೊಂದನ್ನೂ ಹೀಗೆ ಮುಳುಗಿಸಲೇಬೇಕೆಂಬ ಕಟ್ಟಳೆಯಿಲ್ಲ. ಒಂದು ರಾಶಿಯಿಂದ ಕೆಲವನ್ನು ಆರಿಸಿ ಪರೀಕ್ಷಿಸಿದರೂ ಸಾಕು. ಆದುದರಿಂದ ಬೆನ್ನಿನ ಅಂಕೆಯು ಆ ಗಡಿಯಾರದ ಹುಟ್ಟುದಿನದ ಆರೋಗ್ಯಪತ್ರವೇ ಹೊರತು ಆಯುಷ್ಯದ ಭರವಸೆಯಲ್ಲ. ಹಳೆಯ ಜಾಹೀರಾತುಗಳಲ್ಲಿದ್ದ ‘ವಾಟರ್ ಪ್ರೂಫ್’, ಎಂದರೆ ನೀರು ಹೋಗುವುದೇ ಇಲ್ಲವೆಂಬ ಮಾತನ್ನು ಬಿಟ್ಟು, ನೀರನ್ನು ತಡೆದುಕೊಳ್ಳುತ್ತದೆ ಎಂಬ ತಗ್ಗಿದ ಮಾತನ್ನು ಈ ಮಾನಕಗಳು ಬಳಸುವುದಕ್ಕೂ ಕಾರಣವಿದೇ.

ಮುಳುಗುಗಾರರ ಗಡಿಯಾರಗಳಿಗೆ ಬೇರೆಯೇ ಮಾನಕವುಂಟು - ಐ.ಎಸ್.ಓ. 6425. ಅದರಂತೆ ಕನಿಷ್ಠ 100 ಮೀಟರಿನ ಸಾಮರ್ಥ್ಯವಿರಬೇಕು; ಬರೆದ ಒತ್ತಡಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ನಡೆಯಬೇಕು; ಪ್ರತಿಯೊಂದು ಗಡಿಯಾರವೂ ಪರೀಕ್ಷೆಗೆ ಒಳಪಡಬೇಕು. ಅಂಥವುಗಳ ಮೇಲೆ ‘ಡೈವರ್ಸ್’ ಎಂಬ ಪದವಿರುತ್ತದೆ. ಆ ಪದವಿಲ್ಲದ 200 ಮೀಟರಿಗೂ ಆ ಪದವಿರುವ 200 ಮೀಟರಿಗೂ ಇರುವ ಅಂತರ ಸಣ್ಣದಲ್ಲ.

ನೀರಿನಿಂದ ಹೊತ್ತು, ನೀರಿನಿಂದ ರಕ್ಷಣೆ

ಒಂದು ಕಾಲದಲ್ಲಿ ನೀರೇ ನಮ್ಮ ಗಡಿಯಾರವಾಗಿತ್ತು. ತಳದಲ್ಲಿ ಸಣ್ಣ ರಂಧ್ರವಿದ್ದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ, ಎಂದರೆ 24 ನಿಮಿಷ. ಮುಹೂರ್ತಗಳನ್ನು ಈ ಗಳಿಗೆ ಬಟ್ಟಲಿನಿಂದಲೇ ಅಳೆಯುತ್ತಿದ್ದರು. ನೀರು ಒಳಗೆ ಬಂದರೆ ನಡೆಯುವ ಗಡಿಯಾರ ಅದು. ನೀರು ಒಳಗೆ ಬಂದರೆ ನಿಲ್ಲುವ ಗಡಿಯಾರ ಇಂದಿನದು.

ಕೈಗಡಿಯಾರದೊಳಕ್ಕೆ ನೀರು ಬಾರದಂತೆ ಮಾಡುವ ಯತ್ನಗಳಲ್ಲಿ ಪ್ರಸಿದ್ಧವಾದುದು ರೋಲೆಕ್ಸ್ ಕಂಪನಿಯು 1926ರಲ್ಲಿ ತಂದ ‘ಆಯ್ಸ್ಟರ್’. ಬಾಯಿ ಬಿಗಿದ ಸಿಂಪಿಯಂತೆ ಅದರ ಹಿಂಬದಿಯ ಮುಚ್ಚಳವೂ ಕೀ ಗುಂಡಿಯೂ ತಿರುಪಿನಿಂದ ಬಿಗಿಯುವಂಥವು. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿನಲ್ಲಿ ಅದನ್ನು ಕೊರಳಿಗೆ ಕಟ್ಟಿಕೊಂಡು ಹತ್ತು ಗಂಟೆಗಳಿಗೂ ಹೆಚ್ಚು ಕಾಲ ಈಜಿದರು. ಅಂದು ಆಕೆಗೆ ದಡ ಸೇರಲಾಗಲಿಲ್ಲ. ಗಡಿಯಾರ ಮಾತ್ರ ನಿಲ್ಲಲಿಲ್ಲ.

ನಮ್ಮ ನಾಡಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ ಆರಂಭವಾಯಿತು, 1978ರಲ್ಲಿ ತುಮಕೂರಿನಲ್ಲಿಯೂ ಘಟಕ ತೆರೆಯಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ ನಿರ್ಧರಿಸಿತಾದರೂ ‘ಜನತಾ’ ಗಡಿಯಾರಗಳು ಹಿರಿಯರ ಕೈಯಲ್ಲಿ ಇನ್ನೂ ನಡೆಯುತ್ತಿವೆ. ಇವುಗಳ ಮುಖದ ಮೇಲಿರುವ ‘ಪ್ಯಾರಾಶಾಕ್’ ಎಂಬ ಪದವನ್ನು ನೀರಿನ ರಕ್ಷಣೆಯೆಂದು ತಿಳಿದವರುಂಟು. ಅದು ಬಿದ್ದರೆ ತಗಲುವ ಆಘಾತದಿಂದ ರಕ್ಷಣೆ. ನೀರಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ. ತಂದೆಯ ಅಥವಾ ತಾತನ ನೆನಪಿಗೆ ಇಂಥ ಗಡಿಯಾರವನ್ನು ಕಟ್ಟಿಕೊಳ್ಳುವವರು, ಅದರ ಬೆನ್ನಿನ ಮೇಲೆ ಏನೇ ಬರೆದಿರಲಿ, ಅದಕ್ಕೆ ನೀರಿನ ರಕ್ಷಣೆಯಿಲ್ಲವೆಂದೇ ಭಾವಿಸಿ ನಡೆಯುವುದು ಕ್ಷೇಮ.

ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದ ಟೈಟನ್ ಕಂಪನಿಯು 2002ರಲ್ಲಿ ‘ಎಡ್ಜ್’ ಎಂಬ ಗಡಿಯಾರವನ್ನು ತಂದಿತು. ಅದರ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್, ನೀರು ತಡೆಯುವ ಸಾಮರ್ಥ್ಯ 30 ಮೀಟರ್. ಅಷ್ಟು ತೆಳುವಾದ ಮೈಯಲ್ಲಿ ರಬ್ಬರ್ ಬಳೆಗಳಿಗೆ ಜಾಗ ಹೊಂದಿಸಿದ್ದು ಸಾಮಾನ್ಯ ಸಾಧನೆಯಲ್ಲ. ಏಕೆಂದರೆ ಗಡಿಯಾರದ ಜೀವವಿರುವುದು ಆ ಬಳೆಗಳಲ್ಲಿಯೇ.

ನೀರು ಬರುವ ಮೂರು ಬಾಗಿಲುಗಳು

ಗಡಿಯಾರದ ಉಕ್ಕಿನ ಮೈಯೊಳಗಿಂದ ನೀರು ಹೋಗಲಾರದು. ಅದು ಹೋಗುವುದು ಜೋಡಣೆಗಳ ಸಂದಿಯಲ್ಲಿ - ಗಾಜಿನ ಅಂಚು, ಹಿಂಬದಿಯ ಮುಚ್ಚಳ, ಪಕ್ಕದ ಕೀ ಗುಂಡಿ. ಈ ಮೂರು ಕಡೆಗಳಲ್ಲಿಯೂ ಕೂದಲಿನಷ್ಟು ಸಂದನ್ನು ಮುಚ್ಚಲು ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ತೆಳುವಾದ ಬಳೆಗಳಿರುತ್ತವೆ. ರಿಪೇರಿಯವರು ಇವನ್ನು ವಾಷರ್ ಎಂದೂ ಗ್ಯಾಸ್ಕೆಟ್ ಎಂದೂ ಕರೆಯುತ್ತಾರೆ. ಗಡಿಯಾರ ಕಟ್ಟಿದರೂ ಕಟ್ಟದಿದ್ದರೂ ಇವು ಹಳತಾಗುತ್ತವೆ. ರಬ್ಬರು ಒಣಗಿ ಗಡುಸಾಗುತ್ತದೆ, ಚಪ್ಪಟೆಯಾಗುತ್ತದೆ, ಬಿರಿಯುತ್ತದೆ. ಬೆವರಿನ ಉಪ್ಪು, ಅತ್ತರು, ತಲೆಗೆ ಹಚ್ಚುವ ಎಣ್ಣೆ ಇವೆಲ್ಲ ಆ ಕ್ರಿಯೆಯನ್ನು ಬೇಗ ಮಾಡುತ್ತವೆ. ಸಾಬೂನಿನ ನೀರಿಗೆ ಇನ್ನೊಂದು ಗುಣವುಂಟು: ಬರಿಯ ನೀರು ಹನಿಯಾಗಿ ನಿಲ್ಲುವ ಸಂದಿಯಲ್ಲಿ ಸಾಬೂನಿನ ನೀರು ಹರಡಿ ಒಳಕ್ಕೆ ನುಸುಳುತ್ತದೆ.

ನಮ್ಮ ಸೀಮೆಯಲ್ಲಿ ಈ ಬಾಗಿಲುಗಳಿಗೆ ಎದುರಾಗುವ ಶತ್ರುಗಳು ಊರಿಗೊಂದು ತೆರ. ಸಂಡೂರಿನ ಗಣಿ ಪ್ರದೇಶದಲ್ಲಿ ಕೆಲಸ ಮಾಡುವವರ ಗಡಿಯಾರದ ಕೀ ಗುಂಡಿಯ ಬುಡದಲ್ಲಿ ಅದಿರಿನ ಕೆಂಪು ಧೂಳು ಕೂರುತ್ತದೆ. ನಯವಾದ ಆ ಧೂಳು ಗುಂಡಿ ತಿರುಗಿಸಿದಾಗಲೆಲ್ಲ ರಬ್ಬರನ್ನು ಅರೆಯುತ್ತದೆ. ಅದನ್ನು ಮೃದುವಾದ ಬ್ರಷ್ಷಿನಿಂದ ಆಗಾಗ ತೆಗೆಯುವುದೊಳ್ಳೆಯದು. ಲಾರಿ, ಬೈಕು ತೊಳೆಯುವ ಪಂಪಿನ ನೀರನ್ನಂತೂ ಗಡಿಯಾರದ ಮೇಲೆ ಬಿಡಲೇಬಾರದು. ಅಂಥ ಯಂತ್ರಗಳಲ್ಲಿ ನೀರಿನ ಒತ್ತಡ ನೂರು ಬಾರಿನವರೆಗೂ ಹೋಗುತ್ತದೆ. ಅದರ ಮುಂದೆ 3 ಬಾರ್, 5 ಬಾರ್ ಯಾವ ಲೆಕ್ಕ?

ಕಂಪ್ಲಿಯ ಕಡೆ ಭತ್ತದ ಗದ್ದೆಗಳಲ್ಲಿ ದುಡಿಯುವವರ ಸ್ಥಿತಿ ಬೇರೆ. ಅಲ್ಲಿ ನೀರಿನ ಆಳ ಗೇಣುದ್ದವೂ ಇಲ್ಲ. ಆದರೆ ಕೈ ದಿನವಿಡೀ ಕೆಸರಿನಲ್ಲಿರುತ್ತದೆ, ಪೈರು ಕೀಳುವಾಗ ನೆಡುವಾಗ ಮಣಿಕಟ್ಟು ಮಡಿದು ಕೀ ಗುಂಡಿಯನ್ನು ಒತ್ತುತ್ತಿರುತ್ತದೆ. ಗುಂಡಿ ಅರೆಗೂದಲಿನಷ್ಟು ಹೊರಗೆ ಬಂದಿದ್ದರೂ ಸಾಕು, ಬೆನ್ನಿನ ಮೇಲಿನ ಅಂಕೆಗೆ ಬೆಲೆಯಿಲ್ಲ. ಗಡಿಯಾರಗಳು ಕೆಡುವುದು ಆಳದಿಂದಲ್ಲ, ಇಂಥ ಅಲಕ್ಷ್ಯದಿಂದಲೇ ಹೆಚ್ಚು.

ಬಿಸಿಲು, ಬಂಡೆ, ಹೊಳೆ

ಈಜುವಾಗ ಕೈ ಬೀಸುವುದರಿಂದ ಒತ್ತಡ ಹಲವು ಪಟ್ಟು ಏರುತ್ತದೆಂಬ ಮಾತು ಬಹುವಾಗಿ ಪ್ರಚಾರದಲ್ಲಿದೆ. ಲೆಕ್ಕ ಹಾಕಿ ನೋಡಿದರೆ ಅದು ಅಷ್ಟು ಸರಿಯಲ್ಲ. ಸೆಕೆಂಡಿಗೆ 3 ಮೀಟರ್ ವೇಗದಿಂದ ಕೈ ಬೀಸಿದರೂ ಹೆಚ್ಚುವ ಒತ್ತಡ ಅರ್ಧ ಮೀಟರ್ ಆಳಕ್ಕೆ ಸಮ, ಅಷ್ಟೆ. ಮೇಲಿನಿಂದ ಧುಮುಕುವುದು ಮಾತ್ರ ಬೇರೆ. ಎಷ್ಟು ಮೀಟರ್ ಎತ್ತರದಿಂದ ಬೀಳುತ್ತೇವೆಯೋ ಸುಮಾರು ಅಷ್ಟೇ ಮೀಟರ್ ಆಳದ ಒತ್ತಡ ನೀರನ್ನು ಸೀಳುವಾಗ ಸೇರುತ್ತದೆ. ನೀರಿಗೆ ಬಡಿದ ಆ ಕ್ಷಣದ ಪೆಟ್ಟು ಇನ್ನೂ ಹೆಚ್ಚಿರಬಹುದು.

ಆದರೆ ಹಂಪಿಯಂಥ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಪಾಯ ಬಿಸಿಲಿನದು. ಬೇಸಗೆಯಲ್ಲಿ ಕಾದ ಬಂಡೆಯ ಮೇಲೆ ಬಿಚ್ಚಿಟ್ಟ ಗಡಿಯಾರದ ಲೋಹ 60 ಡಿಗ್ರಿಯವರೆಗೂ ಕಾಯಬಲ್ಲದು. ಒಳಗಿನ ಗಾಳಿ ಕಾದು ಹಿಗ್ಗಿ, ಸಂದುಗಳಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತದೆಂದು ಇಟ್ಟುಕೊಳ್ಳಿ. ಅದೇ ಗಡಿಯಾರವನ್ನು ಕಟ್ಟಿಕೊಂಡು ತಂಪಾದ ಹೊಳೆಗೆ ಇಳಿದರೆ ಗಾಳಿ ತಟಕ್ಕನೆ ಕುಗ್ಗುತ್ತದೆ. ಒಳಗಿನ ಒತ್ತಡ ಹತ್ತನೆಯ ಒಂದು ಭಾಗದಷ್ಟು ಇಳಿಯುತ್ತದೆ. ಗಡಿಯಾರ ನೀರಿನ ಮೇಲ್ಮೈಯಲ್ಲೇ ಇದ್ದರೂ ಒಂದು ಮೀಟರ್ ಆಳದಲ್ಲಿದ್ದಂತೆ ನೀರನ್ನು ಒಳಕ್ಕೆ ಹೀರುತ್ತಿರುತ್ತದೆ. ಒಂದು ಮೀಟರ್ ದೊಡ್ಡದಲ್ಲ. ರಬ್ಬರು ಹೊಸದಾಗಿದ್ದರೆ ತಡೆಯುತ್ತದೆ. ಹಳತಾಗಿ ಬಿರಿದಿದ್ದರೆ ಒಂದೇ ಹನಿ ಸಾಕು. ಹಂಡೆಯ ಸುಡುನೀರಿನಲ್ಲಿ ಎಣ್ಣೆಸ್ನಾನ ಮಾಡಿ ತಣ್ಣೀರು ಮುಟ್ಟುವಾಗಲೂ ಇದೇ ನಡೆಯುತ್ತದೆ. ಅಲ್ಲಿ ಎಣ್ಣೆ, ಸಾಬೂನುಗಳೂ ಜತೆಗೂಡುತ್ತವೆ. ಆದುದರಿಂದ ಬೆನ್ನಿನ ಮೇಲೆ 50 ಇರಲಿ 100 ಇರಲಿ, ಬಚ್ಚಲಿಗೆ ಹೋಗುವ ಮೊದಲು ಗಡಿಯಾರ ಬಿಚ್ಚಿಡುವುದು ಲೇಸು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಅವಶ್ಯ. ಹಂಪಿ, ಆನೆಗೊಂದಿಗಳ ಬಳಿ ತುಂಗಭದ್ರೆಗೆ ಬಂಡೆಗಳಿಂದ ಧುಮುಕಿದವರು ಮೇಲೆ ಬಾರದೆ ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಬಂಡೆಗಳ ನಡುವಿನ ಸುಳಿಗಳು ಮೇಲಿನಿಂದ ಕಾಣುವುದಿಲ್ಲ. ಗಡಿಯಾರದ ಬೆನ್ನಿನ ಮೇಲೆ ಎಷ್ಟೇ ಮೀಟರ್ ಬರೆದಿರಲಿ, ಅದನ್ನು ಕಟ್ಟಿಕೊಂಡ ಕೈಗೆ ಅಂಥ ಯಾವ ಪ್ರಮಾಣಪತ್ರವೂ ಇಲ್ಲವೆಂಬುದನ್ನು ಮಕ್ಕಳಿಗೆ ತಿಳಿಹೇಳಬೇಕು.

ಯಾವ ಅಂಕೆಗೆ ಯಾವ ಕೆಲಸ?

ತಯಾರಕರು ಕೊಡುವ ಕೈಪಿಡಿಗಳನ್ನು ನೋಡಿದರೆ ಸಾಮಾನ್ಯವಾಗಿ ಈ ಬಗೆಯ ವಿಂಗಡಣೆ ದೊರೆಯುತ್ತದೆ.

ಅಂಕೆಯಿಲ್ಲದೆ ಬರಿದೆ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ, ಅಥವಾ 30 ಮೀಟರ್ ಎಂದಿದ್ದರೆ: ಮಳೆಯ ಹನಿ, ಬೆವರು, ಕೈ ತೊಳೆಯುವಾಗ ಸಿಡಿಯುವ ನೀರು ಇಷ್ಟಕ್ಕೆ ಸರಿ. ಸ್ನಾನಕ್ಕೂ ಈಜಿಗೂ ಸಲ್ಲದು.

50 ಮೀಟರ್: ಪಾತ್ರೆ ತೊಳೆಯುವುದು, ಹೊಲಗದ್ದೆಯ ಕೆಲಸ, ರಬ್ಬರು ಸುಸ್ಥಿತಿಯಲ್ಲಿದ್ದರೆ ನಿಂತ ನೀರಿನಲ್ಲಿ ಸ್ವಲ್ಪ ಹೊತ್ತಿನ ಈಜು.

100 ಮೀಟರ್: ನಿತ್ಯವೂ ಈಜುವವರಿಗೆ ತಕ್ಕುದು.

200 ಮೀಟರ್ ಮತ್ತು ‘ಡೈವರ್ಸ್’: ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವರಿಗೆ. ನಮ್ಮ ಮನೆಗಳಲ್ಲಿ ಇದಕ್ಕಾಗಿ ಹೆಚ್ಚಿನ ಬೆಲೆ ತೆರಬೇಕಾದ ಪ್ರಸಂಗ ಬರುವುದು ಅಪರೂಪ.

ಈಗ ಯುವಕ ಯುವತಿಯರು ಬಯಸುವ ಸ್ಮಾರ್ಟ್ ವಾಚುಗಳ ಮೇಲೆ ‘ಐ.ಪಿ. 68’ ಎಂಬ ಇನ್ನೊಂದು ಬಗೆಯ ಗುರುತಿರುತ್ತದೆ. ಇದರಲ್ಲಿ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. 6 ಎಂದರೆ ಧೂಳು ಒಳಗೆ ಹೋಗದು. ಸಂಡೂರಿನವರಿಗೆ ಇದು ಉಪಯುಕ್ತ. ನೀರಿನ 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. 8 ಎಂದರೆ ಅದಕ್ಕಿಂತ ಕಠಿಣವಾದ ಪರೀಕ್ಷೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಆದುದರಿಂದ ಪೆಟ್ಟಿಗೆಯಲ್ಲಿರುವ ಹಾಳೆಯನ್ನು ಓದದೆ 8ಕ್ಕೆ ಅರ್ಥವಿಲ್ಲ. ಇನ್ನೂ ಒಂದು ಸೂಕ್ಷ್ಮ: ಮುಳುಗಿಸುವ ಪರೀಕ್ಷೆಯಲ್ಲಿ ಗೆದ್ದದ್ದು ರಭಸವಾಗಿ ಚಿಮ್ಮುವ ನೀರನ್ನು ತಡೆದೀತೆಂದು ಹೇಳಲಾಗದು. ಅದಕ್ಕೆ ಬೇರೆ ಅಂಕೆ, ಬೇರೆ ಪರೀಕ್ಷೆ.

ಸೆಲ್ ಬದಲಿಸುವ ದಿನ

ರಿಪೇರಿ ಅಂಗಡಿಯ ಮುಂದೆ ಇಂಥ ಸಂಭಾಷಣೆಯನ್ನು ಯಾರೂ ಕೇಳಬಹುದು.

“ಹಿಂದ ವಾಟರ್ ರೆಸಿಸ್ಟೆಂಟ್ ಅಂತ ಬರದೈತಲ್ರೀ, ಮತ್ತ ನೀರು ಹೆಂಗ ಹೋತು?”

“ಬರದದ್ದು ಖರೇನ ಐತ್ರೀ ಯಜಮಾನ್ರ. ಆದ್ರ ಎರಡು ಸಲ ಸೆಲ್ ಹಾಕ್ಸೀರಿ, ವಾಷರ್ ಒಮ್ಮೇನೂ ಹಾಕ್ಸಿಲ್ಲ ನೋಡ್ರಿ.”

ಈ ಎರಡು ಮಾತುಗಳಲ್ಲಿ ಇಡೀ ವಿಷಯದ ತಿರುಳಿದೆ. ಸೆಲ್ ಹಾಕಲು ಹಿಂಬದಿಯ ಮುಚ್ಚಳ ತೆರೆದೊಡನೆ ಕಾರ್ಖಾನೆಯಲ್ಲಿ ನಡೆದ ಪರೀಕ್ಷೆಯ ಬೆಲೆ ಮುಗಿಯಿತು. ಹಳೆಯ ಬಳೆ ತನ್ನ ಜಾಗದಲ್ಲಿ ಮೊದಲಿನಂತೆ ಕೂರುವುದೆಂಬ ನಿಶ್ಚಯವಿಲ್ಲ. ಒಂದು ಎಳೆ ನೂಲು, ಒಂದು ಕಣ ಧೂಳು ಅಡ್ಡ ಬಂದರೂ ಸಂದು ಉಳಿಯುತ್ತದೆ. ಹೊಸ ಬಳೆಗೆ ತಗಲುವ ಖರ್ಚು ಗಡಿಯಾರದ ಬೆಲೆಯ ಮುಂದೆ ಅಲ್ಪ. ನಾವು ಕೇಳುವುದಿಲ್ಲ, ಆದುದರಿಂದ ಅವರು ಹಾಕುವುದಿಲ್ಲ. ಸೆಲ್ ಬದಲಿಸುವಾಗ ವಾಷರನ್ನೂ ಬದಲಿಸಿ ಸಿಲಿಕೋನ್ ಗ್ರೀಸ್ ಹಚ್ಚುವಂತೆ ಕೇಳಬೇಕು. ಕಂಪನಿಗಳ ಸೇವಾಕೇಂದ್ರಗಳಲ್ಲಿ ಗಾಳಿಯ ಒತ್ತಡದಿಂದ ಪರೀಕ್ಷಿಸುವ ಯಂತ್ರಗಳಿರುತ್ತವೆ. ಅದರಲ್ಲಿ ಗಡಿಯಾರ ನೆನೆಯುವುದೇ ಇಲ್ಲ. ಬೆಲೆಬಾಳುವ ಗಡಿಯಾರವಾದರೆ ಆ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳಿತು.

ಕೊಳ್ಳುವಾಗ ರಶೀದಿಯನ್ನೂ ಗ್ಯಾರಂಟಿ ಪತ್ರವನ್ನೂ ಉಡುಗೊರೆಯ ಜೊತೆಯಲ್ಲಿಯೇ ಕೊಡುವುದು ವಾಡಿಕೆಯಾಗಬೇಕು. ಬೆಲೆ ತಿಳಿದೀತೆಂಬ ಸಂಕೋಚದಿಂದ ರಶೀದಿ ಮುಚ್ಚಿಡುವುದರಿಂದ ನಷ್ಟವೇ ಹೆಚ್ಚು. ಎಷ್ಟೋ ಗ್ಯಾರಂಟಿ ಪತ್ರಗಳಲ್ಲಿ ನೀರಿನಿಂದಾದ ಹಾನಿಗೆ ಹೊಣೆಯಿಲ್ಲವೆಂಬ ಒಕ್ಕಣೆಯಿರುತ್ತದೆ. ಅದನ್ನು ಓದಿಯೇ ಹಣ ಕೊಡಬೇಕು. ಬರೆದ ಗುಣವಿಲ್ಲದ ಮಾಲನ್ನು ಮಾರಿದ್ದರೆ, ಅಥವಾ ಜಾಹೀರಾತು ದಾರಿ ತಪ್ಪಿಸುವಂತಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ಅಲ್ಲಿಯೂ ಮೊದಲು ಕೇಳುವುದು ರಶೀದಿಯನ್ನೇ.

ಗಾಜಿನೊಳಗೆ ಮಂಜು ಕಂಡ ದಿನವೇ ರಿಪೇರಿಯವರಲ್ಲಿಗೆ ಒಯ್ಯಬೇಕು. ಬಿಸಿಲಿಗಿಡುವುದು, ಒಲೆಯ ಮೇಲೆ ಹಿಡಿಯುವುದು, ಅಕ್ಕಿಯ ಡಬ್ಬದಲ್ಲಿ ಹೂಳುವುದು ಇವು ಉಪಾಯಗಳಲ್ಲ. ಮಂಜು ಮಾಯವಾದರೂ ತೇವ ಒಳಗೇ ಇರುತ್ತದೆ. ಕೀ ಕೊಡುವ ಗಡಿಯಾರದಲ್ಲಿ ಅದು ಸ್ಪ್ರಿಂಗುಗಳನ್ನು ತುಕ್ಕು ಹಿಡಿಸುತ್ತದೆ. ಸೆಲ್ಲಿನ ಗಡಿಯಾರದಲ್ಲಿ ತಂತಿಯ ಸುರುಳಿಯನ್ನು ತಿನ್ನುತ್ತದೆ. ಅದೇ ದಿನ ಒಣಗಿಸಿದರೆ ಉಳಿಯುವ ಯಂತ್ರ ತಿಂಗಳು ಬಿಟ್ಟರೆ ಉಳಿಯುವುದಿಲ್ಲ.

ನೀರನ್ನು ತಡೆಯುವುದೆಂದರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದುದನ್ನು ಈ ಸೀಮೆಯ ಯಾರೂ ಮರೆತಿಲ್ಲ. ಒಟ್ಟು 33 ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 1953ರಿಂದ ನೀರು ನಿಲ್ಲಿಸುತ್ತ ಬಂದ ಕಲ್ಲಿನ ಗೋಡೆ ಅಂದೂ ಅಲುಗಲಿಲ್ಲ. ತುಂಡಾದದ್ದು ಗೇಟನ್ನು ಹಿಡಿದಿದ್ದ ಸರಪಳಿ. ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ವರ್ಷದ ಬೆಳೆಗೆಂದು ನಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಿದ ತಂತ್ರಜ್ಞರ, ಕಾರ್ಮಿಕರ ಸಾಹಸವೂ ನೆನಪಿನಲ್ಲಿದೆ. ಅಷ್ಟು ದೊಡ್ಡ ಕಟ್ಟೆಯ ಭದ್ರತೆ ಕೊನೆಗೆ ನಿಂತಿದ್ದುದು ಸವೆಯುವಂಥ ಒಂದು ಭಾಗದ ಮೇಲೆ.

ತಳವಾರಘಟ್ಟದಲ್ಲಿಯೂ ಆನೆಗೊಂದಿಯಲ್ಲಿಯೂ ಹರಿಗೋಲು ನಡೆಸುವವರಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬುಟ್ಟಿಯಂತೆ ದುಂಡಗಿನ ಈ ದೋಣಿಗಳನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದಿಟ್ಟಿದ್ದಾನೆ. ಆಗ ಹೊರಮೈಗೆ ತೊಗಲು. ಈಗ ಪ್ಲಾಸ್ಟಿಕ್ ಹಾಳೆ, ತಾರು. ಹೊದಿಕೆ ಸವೆದ ಕಡೆ ಅಂಬಿಗನು ದೋಣಿಯನ್ನು ಬೋರಲು ಹಾಕಿ ಮತ್ತೆ ತಾರು ಬಳಿಯುತ್ತಾನೆ. ಹರಿಗೋಲು ನೀರನ್ನು ತಡೆಯುತ್ತದೆಯೇ ಎಂದು ಅವನನ್ನು ಕೇಳಿದರೆ ಅವನು ಮೀಟರಿನ ಲೆಕ್ಕ ಹೇಳಲಾರ. ತಾರು ಬಳಿದು ಎಷ್ಟು ದಿನವಾಯಿತೆಂಬುದನ್ನು ಹೇಳಿಯಾನು.

ಗಡಿಯಾರದ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆಯೂ ಅದೇ. ಬೆನ್ನಿನ ಮೇಲೆ ಎಷ್ಟು ಮೀಟರ್ ಎಂಬುದಕ್ಕಿಂತ, ಒಳಗಿನ ಬಳೆ ಬದಲಿಸಿ ಎಷ್ಟು ವರ್ಷವಾಯಿತು ಎಂಬುದು ಮುಖ್ಯ. ಎರಡು ಮೂರು ವರ್ಷಕ್ಕೊಮ್ಮೆ, ಸೆಲ್ ಬದಲಿಸುವಾಗ ಇದನ್ನು ನೆನೆದು ಮಾಡಿಸಿದರೆ, ಅಳಿಯನ ಕೈಯಲ್ಲಿಯ ಗಡಿಯಾರ ಮೊಮ್ಮಗನ ಕೈಗೂ ನಡೆಯುತ್ತಲೇ ಹೋದೀತು.